ನಡು ಎಷ್ಟು ಹೊತ್ತು ತಾಳುತ್ತದೆ?

(ದೈಹಿಕ ಶಿಕ್ಷಣದ ವಿದ್ಯಾರ್ಥಿಗಳು ಮತ್ತು ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಗೆಳೆಯರೇ,

ನನ್ನ ಫಿಸಿಯೋಥೆರಪಿ ಕೊಠಡಿಗೆ ಬರುವ ಹುಡುಗರಲ್ಲಿ ಬಹಳ ಮಂದಿ ‘ಸಾರ್, ಕೋರ್ ಗಟ್ಟಿ ಮಾಡ್ಕೋಬೇಕು’ ಎನ್ನುತ್ತಲೇ ಅಂಗಿಯನ್ನು ತುಸು ಮೇಲಕ್ಕೆತ್ತಿ ಹೊಟ್ಟೆಯನ್ನು ತೋರಿಸುತ್ತಾರೆ. ಬೆನ್ನು ತೋರಿಸಿದವರು ಅಪರೂಪ; ಪಕ್ಕೆಯ ಮೇಲೆ ಕೈಯಿಟ್ಟು ‘ಇದು ಗಟ್ಟಿಯಾಗಬೇಕು’ ಎಂದವರನ್ನು ನಾನು ಇದುವರೆಗೆ ನೋಡಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದರಲ್ಲಿ ಬಹುಪಾಲು, ಆ ಕೈ ಹೋಗದೆ ಉಳಿಯುವ ಜಾಗಗಳ ಬಗ್ಗೆಯೇ ಇದೆ.

ಕೋರ್ ಎಂಬ ಮಾತಿಗೆ ನಾವು ಹೊಸ ಪದವನ್ನು ಟಂಕಿಸಬೇಕಾಗಿಲ್ಲ. ನಮ್ಮಲ್ಲಿ ‘ನಡು’ ಇದೆ. ಅದು ಸೊಂಟವನ್ನೂ ಹೇಳುತ್ತದೆ, ಮಧ್ಯವನ್ನೂ ಹೇಳುತ್ತದೆ. ದೊಡ್ಡ ಕೆಲಸಕ್ಕೆ ಹೊರಟವನು ಟೊಂಕ ಕಟ್ಟುತ್ತಾನೆಯೇ ಹೊರತು ತೋಳನ್ನಲ್ಲ. ಈ ನಡುವಿಗೆ ಮುಂದೆ ಒಂದು ಗೋಡೆ, ಹಿಂದೆ ಒಂದು, ಅಕ್ಕಪಕ್ಕ ಎರಡು ಎಂದು ಇಟ್ಟುಕೊಳ್ಳಿ. ಮುಂದಿನ ಗೋಡೆ ರೆಕ್ಟಸ್ ಅಬ್ಡೋಮಿನಿಸ್, ಎಂದರೆ ಕನ್ನಡಿಯ ಮುಂದೆ ನಿಂತು ಎಣಿಸುವ ಆರು ತುಂಡುಗಳು. ಹಿಂದಿನದು ಬೆನ್ನುಮೂಳೆಯ ಎರಡೂ ಬದಿ ಉದ್ದಕ್ಕೆ ಇಳಿಯುವ ಎರೆಕ್ಟರ್ ಸ್ಪೈನೆ ಮತ್ತು ಅದರ ಒಳಗೆ ಕಶೇರುಕದಿಂದ ಕಶೇರುಕಕ್ಕೆ ಹೊಲಿಗೆ ಹಾಕಿದಂತಿರುವ ಮಲ್ಟಿಫಿಡಸ್. ಪಕ್ಕದ ಗೋಡೆಗಳು ಓರೆಯಾಗಿ ಹಾಯುವ ಆಬ್ಲಿಕ್ ಸ್ನಾಯುಗಳು ಮತ್ತು ಕಡೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಕಟ್ಟಿರುವ ಕ್ವಾಡ್ರಾಟಸ್ ಲಂಬೋರಮ್. ಇವೆಲ್ಲದರ ಒಳಗೆ ಸೊಂಟಪಟ್ಟಿಯಂತೆ ಸುತ್ತುವ ಟ್ರಾನ್ಸ್‌ವರ್ಸಸ್ ಅಬ್ಡೋಮಿನಿಸ್ ಇದೆ. ಮೇಲೆ ವಪೆ ಮುಚ್ಚಳವಾಗಿ, ಕೆಳಗೆ ಶ್ರೋಣಿಯ ಸ್ನಾಯುಗಳು ತಳವಾಗಿ ನಿಲ್ಲುತ್ತವೆ.

ಈ ಗೋಡೆಗಳಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 1990ರ ದಶಕದ ಮೊದಲಲ್ಲಿ ಪ್ರಯೋಗಾಲಯದಲ್ಲಿ ನೋಡಿದ್ದಾರೆ. ಸ್ನಾಯುಗಳನ್ನು ತೆಗೆದು, ಮೂಳೆ ಮತ್ತು ಅಸ್ಥಿಬಂಧಗಳನ್ನು ಮಾತ್ರ ಉಳಿಸಿದ ಸೊಂಟದ ಬೆನ್ನುಮೂಳೆಯ ಮೇಲೆ ಭಾರ ಹೇರುತ್ತ ಹೋದಾಗ, ಅದು ಸುಮಾರು 90 ನ್ಯೂಟನ್‌ಗೇ, ಎಂದರೆ ಒಂಬತ್ತು ಕಿಲೋ ಚೀಲದಷ್ಟು ಭಾರಕ್ಕೇ ಬಳುಕಿ ಮಡಚಿಕೊಂಡಿತು. ಜೀವಂತ ಮನುಷ್ಯನ ಅದೇ ಬೆನ್ನು ಕ್ವಿಂಟಾಲ್ ಮೂಟೆಯನ್ನು ಹೊರುತ್ತದೆ. ನಡುವೆ ಇರುವ ವ್ಯತ್ಯಾಸವೆಲ್ಲ ಸ್ನಾಯುಗಳ ಕೆಲಸ.

ನಂದಿಕೋಲು ಕುಣಿತವನ್ನು ಹತ್ತಿರದಿಂದ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೈಸೂರು ದಸರೆಯ ಜಂಬೂಸವಾರಿ ನಂದಿಧ್ವಜದ ಪೂಜೆಯಿಂದ ಶುರುವಾಗುತ್ತದೆ. ಸೊಂಟಕ್ಕೆ ಬಿಗಿದ ಪಟ್ಟಿಯಲ್ಲಿ ಕೋಲಿನ ಬುಡವನ್ನು ಊರಿಕೊಂಡು, ಆಳಿಗಿಂತ ಎಷ್ಟೋ ಪಟ್ಟು ಎತ್ತರದ ಆ ಕಂಬವನ್ನು ಹೊತ್ತವನು ಹೆಜ್ಜೆ ಹಾಕುವಾಗ ನೀವು ಅವನ ತೋಳುಗಳನ್ನು ನೋಡಬೇಡಿ, ಪಕ್ಕೆಗಳನ್ನು ನೋಡಿ. ಕೋಲಿನ ತುದಿ ಎಡಕ್ಕೆ ವಾಲಿದ ಕ್ಷಣದಲ್ಲಿ ಬಲ ಪಕ್ಕೆ ಬಿಗಿಯುತ್ತದೆ, ಬಲಕ್ಕೆ ವಾಲಿದರೆ ಎಡ ಪಕ್ಕೆ. ಈ ಬಿಗಿತ ಯಾವ ಕ್ಷಣದಲ್ಲೂ ಅವನ ಪೂರ್ತಿ ಕಸುವಲ್ಲ, ಆದರೆ ಮೆರವಣಿಗೆ ಮುಗಿಯುವವರೆಗೆ ಅದು ಬಿಡುವಂತೆಯೂ ಇಲ್ಲ.

ಕಸುವು ಬೇರೆ, ತಾಳಿಕೆ ಬೇರೆ ಎಂಬುದು ಅಲ್ಲಿಯೇ ಕಾಣುತ್ತದೆ. ನಿಲ್ಲುವುದು, ನಡೆಯುವುದು ಮೊದಲಾದ ದಿನನಿತ್ಯದ ಕೆಲಸಗಳಿಗೆ ನಡುವಿನ ಸ್ನಾಯುಗಳು ತಮ್ಮ ಗರಿಷ್ಠ ಬಲದ ಹತ್ತನೇ ಒಂದು ಪಾಲಿನಷ್ಟು ಬಿಗಿದುಕೊಂಡರೂ ಸಾಕು. ಆದರೆ ಗಂಟೆಗಟ್ಟಲೆ ಹಾಗಿರಬೇಕು. ಬೆನ್ನಿನ ಸ್ನಾಯುಗಳಲ್ಲಿ ನಿಧಾನವಾಗಿ ಕೆಲಸ ಮಾಡಿ ನಿಧಾನವಾಗಿ ದಣಿಯುವ ಎಳೆಗಳ ಪಾಲು ದೊಡ್ಡದಾಗಿರುವುದು ಇದಕ್ಕಾಗಿಯೇ. ಜೋರಾಗಿ ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಹಿಸುಕಿಕೊಳ್ಳುತ್ತದೆ. ಆಮ್ಲಜನಕ ತಲುಪದೆ ಬೇಗ ಸೋಲುತ್ತದೆ. ದಣಿದ ಗೋಡೆಯ ಕೆಲಸವನ್ನು ಪಕ್ಕದ ಗೋಡೆಯೋ ಅಸ್ಥಿಬಂಧವೋ ಹೊರಬೇಕಾಗುತ್ತದೆ. ಮೂಟೆ ಎತ್ತುವಾಗ ಏನೂ ಆಗದವನಿಗೆ, ಸಂಜೆ ಕೆಳಗೆ ಬಿದ್ದ ಪೆನ್ಸಿಲ್ ಎತ್ತಿಕೊಳ್ಳಲು ಬಗ್ಗಿದಾಗ ಸೊಂಟ ಹಿಡಿದುಕೊಳ್ಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ತಾಳಿಕೆಯನ್ನು ಅಳೆಯುವುದು ಕಷ್ಟವಲ್ಲ, ಗಡಿಯಾರವೊಂದಿದ್ದರೆ ಸಾಕು. ಡೆನ್ಮಾರ್ಕಿನ ಬೀರಿಂಗ್-ಸೋರೆನ್ಸನ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಹೆಸರಾದ ಪರೀಕ್ಷೆಯಲ್ಲಿ ಮನುಷ್ಯನನ್ನು ಮೇಜಿನ ಮೇಲೆ ಬೋರಲು ಮಲಗಿಸಿ, ಸೊಂಟದಿಂದ ಕೆಳಗಿನ ಭಾಗವನ್ನು ಪಟ್ಟಿಗಳಿಂದ ಕಟ್ಟಿ, ಮೇಲಿನ ಅರ್ಧ ದೇಹವನ್ನು ಮೇಜಿನಾಚೆ ಗಾಳಿಯಲ್ಲಿ ಎಷ್ಟು ಹೊತ್ತು ಸಮವಾಗಿ ಹಿಡಿಯಬಲ್ಲನೆಂದು ನೋಡುತ್ತಾರೆ. ಹೆಚ್ಚು ಹೊತ್ತು ಹಿಡಿದ ಗಂಡಸರಿಗೆ ಮುಂದಿನ ಒಂದು ವರ್ಷದಲ್ಲಿ ಮೊದಲ ಬಾರಿಗೆ ಬೆನ್ನುನೋವು ಬರುವ ಸಂಭವ ಕಡಿಮೆಯಿತ್ತು ಎಂಬುದು ಅವರ ಗಮನಾರ್ಹ ಫಲಿತಾಂಶ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಸಂಗಡಿಗರು ಇದಕ್ಕೆ ಮುಂದಿನ ಗೋಡೆಯ ಮತ್ತು ಎರಡು ಪಕ್ಕಗಳ ಪರೀಕ್ಷೆಗಳನ್ನು ಸೇರಿಸಿ 1999ರಲ್ಲಿ 75 ಮಂದಿ ಆರೋಗ್ಯವಂತ ಯುವಕ ಯುವತಿಯರ ಅಳತೆಗಳನ್ನು ಪ್ರಕಟಿಸಿದರು. ಗಂಡಸರು ಬೆನ್ನಿನ ಪರೀಕ್ಷೆಯಲ್ಲಿ ಸರಾಸರಿ 146 ಸೆಕೆಂಡು, ಮುಂದಿನ ಗೋಡೆಯದರಲ್ಲಿ 144, ಬಲ ಪಕ್ಕದಲ್ಲಿ 94, ಎಡ ಪಕ್ಕದಲ್ಲಿ 97 ಸೆಕೆಂಡು ತಾಳಿದರು. ಹೆಂಗಸರ ಅಂಕಿಗಳು ಕ್ರಮವಾಗಿ 189, 149, 72 ಮತ್ತು 77. ಬೆನ್ನಿನ ತಾಳಿಕೆಯಲ್ಲಿ ಹೆಂಗಸರು ಗಂಡಸರನ್ನು ಸುಮಾರು ಮುಕ್ಕಾಲು ನಿಮಿಷ ಹಿಂದೆ ಹಾಕಿದ್ದಾರೆ ಎಂಬುದನ್ನು ನಮ್ಮ ಜಿಮ್ಮುಗಳ ಗೋಡೆಯ ಮೇಲೆ ಯಾರಾದರೂ ಬರೆದು ಅಂಟಿಸಬೇಕು.

ಈ ಅಂಕಿಗಳಲ್ಲಿ ನನಗೆ ಮುಖ್ಯವಾಗಿ ಕಾಣುವುದು ಒಂದೊಂದರ ಗಾತ್ರವಲ್ಲ, ಒಂದಕ್ಕೂ ಇನ್ನೊಂದಕ್ಕೂ ಇರುವ ಪ್ರಮಾಣ. ಬೆನ್ನು ಮುಂದಿನ ಗೋಡೆಗಿಂತ ಹೆಚ್ಚು ಹೊತ್ತು ತಾಳಬೇಕು. ಎಡಬಲಗಳ ನಡುವಿನ ಅಂತರ ನೂರಕ್ಕೆ ಐದನ್ನು ದಾಟಬಾರದು. ಪಕ್ಕದ ತಾಳಿಕೆ ಬೆನ್ನಿನದರ ಮುಕ್ಕಾಲಿಗಿಂತ ಕಡಿಮೆಯಿರಬೇಕು. ಮೆಕ್‌ಗಿಲ್ ತಂಡದ ಸೂತ್ರ ಇದು. ಬೆನ್ನುನೋವಿನ ಇತಿಹಾಸವಿದ್ದ ಕಾರ್ಮಿಕರನ್ನು ಆಮೇಲೆ ಪರೀಕ್ಷಿಸಿದಾಗ, ನೋವು ಹೋಗಿ ಅವರು ಕೆಲಸಕ್ಕೆ ಮರಳಿದ್ದರೂ ಈ ಪ್ರಮಾಣಗಳು ಏರುಪೇರಾಗಿಯೇ ಇದ್ದವು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಕಂಡದ್ದೂ ಇದಕ್ಕೆ ಹೊಂದುತ್ತದೆ: ಮೊದಲ ಸಲ ಬೆನ್ನು ಹಿಡಿದವರಲ್ಲಿ ನೋವು ಕೆಲವು ವಾರಗಳಲ್ಲಿ ಇಳಿದರೂ, ನೋವಿದ್ದ ಬದಿಯ ಮಲ್ಟಿಫಿಡಸ್ ಸ್ನಾಯು ತನ್ನ ಗಾತ್ರಕ್ಕೆ ತಾನಾಗಿ ಮರಳಲಿಲ್ಲ, ಅದಕ್ಕೆಂದೇ ವ್ಯಾಯಾಮ ಮಾಡಿದವರಲ್ಲಿ ಮರಳಿತು. ಬೆನ್ನುನೋವಿಗೆ ತಾಳಿಕೆಯ ಕೊರತೆಯೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ನಿದ್ದೆ, ಚಿಂತೆ, ಕೆಲಸದ ಭಂಗಿ, ವಯಸ್ಸು ಎಲ್ಲವೂ ಅದರಲ್ಲಿ ಸೇರಿವೆ. ಆದರೆ ವ್ಯಾಯಾಮದಿಂದ ನಾವು ಬದಲಿಸಬಹುದಾದ ಸಂಗತಿಗಳಲ್ಲಿ ಇದೊಂದು.

ಈಗ ವ್ಯಾಯಾಮಗಳನ್ನೇ ನೋಡೋಣ. ಮೊದಲು ಸಿಟ್‌ಅಪ್, ಏಕೆಂದರೆ ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದೇ ಅದು. ಕಾಲೇಜಿನಲ್ಲಿದ್ದಾಗ ಮಂಚದ ಅಡಿಗೆ ಕಾಲು ಸಿಕ್ಕಿಸಿಕೊಂಡು ಬೆಳಗ್ಗೆ ಎದ್ದ ಕೂಡಲೇ ನೂರು ಸಿಟ್‌ಅಪ್ ಹೊಡೆಯುವುದು ನನ್ನ ವ್ರತವಾಗಿತ್ತು. ಎಂಟು ತಿಂಗಳ ಬಳಿಕ ಒಂದು ಬೆಳಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಲು ಬಚ್ಚಲಲ್ಲಿ ಬಗ್ಗಿದವನು ನೆಟ್ಟಗಾಗಲಿಲ್ಲ. ಗೋಡೆ ಹಿಡಿದುಕೊಂಡೇ ಹಾಸಿಗೆಗೆ ವಾಪಸು ಬಂದೆ. ಹೊಟ್ಟೆ ಮಾತ್ರ ಕಲ್ಲಿನಂತಿತ್ತು. ಒಂದೊಂದು ಸಿಟ್‌ಅಪ್ ಕೂಡ ಕೆಳಬೆನ್ನಿನ ಮೇಲೆ ಸುಮಾರು 3,300 ನ್ಯೂಟನ್ ಒತ್ತಡ ಹೇರುತ್ತದೆಂದು ಮೆಕ್‌ಗಿಲ್ ಪ್ರಯೋಗಾಲಯ 1990ರ ದಶಕದಲ್ಲಿ ಅಂದಾಜಿಸಿದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಭಾರ ಎತ್ತುವ ಕೆಲಸಗಳಿಗೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಇಟ್ಟಿರುವ ಎಚ್ಚರಿಕೆಯ ಗೆರೆ 3,400. ಕಾಲನ್ನು ಸಿಕ್ಕಿಸಿಕೊಂಡಾಗ ದೇಹವನ್ನು ಮೇಲೆತ್ತುವ ಕೆಲಸದಲ್ಲಿ ಕೆಳಬೆನ್ನಿನಿಂದ ತೊಡೆಮೂಳೆಗೆ ಇಳಿಯುವ ಸೋಆಸ್ ಸ್ನಾಯು ದೊಡ್ಡ ಪಾಲು ತೆಗೆದುಕೊಂಡು ಬೆನ್ನುಮೂಳೆಯನ್ನು ಎಳೆಯುತ್ತದೆ. ಹೀಗೆ ಮುಂದಿನ ಗೋಡೆಯನ್ನೇ ಬೆಳೆಸಿ, ಬೆನ್ನಿಗೆ ತಾಳಿಕೆ ಕೊಡದೆ ಒತ್ತಡವನ್ನಷ್ಟೇ ಕೊಟ್ಟದ್ದು ನನ್ನ ವ್ರತದ ಫಲ. ಅಮೆರಿಕದ ನೌಕಾಪಡೆ ತನ್ನ ದೈಹಿಕ ಪರೀಕ್ಷೆಯಿಂದ ಸಿಟ್‌ಅಪ್ಪಿನ ಬಂಧುವಾದ ಕರ್ಲ್‌ಅಪ್ಪನ್ನು ತೆಗೆದು 2021ರಲ್ಲಿ, ದೇಹವನ್ನು ಹಲಗೆಯಂತೆ ನೆಟ್ಟಗೆ ಹಿಡಿದಿರುವ ಪ್ಲ್ಯಾಂಕನ್ನು ತಂದಿತು.

ಬೆಳಗ್ಗೆ ಎದ್ದ ಕೂಡಲೇ ಎಂದೆನಲ್ಲ, ಅದೂ ಗಮನಿಸಬೇಕಾದ ಮಾತು. ರಾತ್ರಿ ಮಲಗಿದಾಗ ಬೆನ್ನುಮೂಳೆಯ ನಡುವಿನ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ. ಮನುಷ್ಯ ದಿನದಲ್ಲಿ ಸುಮಾರು 19 ಮಿಲಿಮೀಟರ್ ಕುಗ್ಗುತ್ತಾನೆ, ಅದರ ಅರ್ಧಕ್ಕಿಂತ ಹೆಚ್ಚು ಎದ್ದ ಮೊದಲ ಗಂಟೆಯಲ್ಲೇ ಎಂದು 1984ರಲ್ಲಿ ಅಳೆದು ತೋರಿಸಿದ್ದಾರೆ. ಉಬ್ಬಿದ ಡಿಸ್ಕು ಬಗ್ಗುವಿಕೆಗೆ ಹೆಚ್ಚು ಪ್ರತಿರೋಧ ಒಡ್ಡುತ್ತದೆ. ಹಾಸಿಗೆಯಿಂದೆದ್ದು ನೇರವಾಗಿ ಪಾದಹಸ್ತಾಸನಕ್ಕೆ ಬಗ್ಗುವವರು, ಅದರಲ್ಲೂ ಬೆನ್ನುನೋವಿರುವವರು, ಅರ್ಧ ಗಂಟೆಯಾದರೂ ಓಡಾಡಿಕೊಂಡು ಆಮೇಲೆ ಬಗ್ಗುವುದು ಒಳ್ಳೆಯದು.

ಪ್ಲ್ಯಾಂಕ್ ಎಂಬುದು ನಮ್ಮ ಫಲಕಾಸನವೇ. ದೇಹ ಬಗ್ಗದೆ ನಿಂತಿರುವುದರಿಂದ ಸಿಟ್‌ಅಪ್ಪಿನಷ್ಟು ಒತ್ತಡವಿಲ್ಲದೆ ಮುಂದಿನ ಗೋಡೆಗೆ ತಾಳಿಕೆ ಬರುತ್ತದೆ. ಆದರೆ ಪ್ಲ್ಯಾಂಕನ್ನೇ ಮಾಡುವವನೂ ಒಂದೇ ಗೋಡೆ ಕಟ್ಟುವವನೇ. ಮೂರು ನಿಮಿಷ ಮುಂದಕ್ಕೆ ಹಿಡಿದು, ಪಕ್ಕಕ್ಕೆ ತಿರುಗಿಸಿದರೆ ಇಪ್ಪತ್ತು ಸೆಕೆಂಡಿಗೆ ಸೊಂಟ ಕುಸಿಯುವವರು ಎಷ್ಟೋ ಜನ. ಇವತ್ತು ಇಲ್ಲಿಯೇ ಮುಂದಿನ ಸಾಲಿನ ಕಬಡ್ಡಿ ಆಟಗಾರನೊಬ್ಬನನ್ನು ಕರೆದು ಪಕ್ಕದ ಪ್ಲ್ಯಾಂಕ್ ಮಾಡಿಸಿದ್ದನ್ನು ನೀವೇ ನೋಡಿದಿರಿ. ಬಲ ಮೊಣಕೈ ಊರಿ 64 ಸೆಕೆಂಡು ನಿಂತ. ಎಡಕ್ಕೆ 41ಕ್ಕೇ ಸೊಂಟ ನೆಲಕ್ಕೆ ಮುಟ್ಟಿತು. ಯಾವ ಕಡೆಯಿಂದ ರೈಡ್ ಹೋಗುತ್ತೀಯ ಎಂದು ಕೇಳಿದಾಗ ಅವನೇ ನಕ್ಕು, ಯಾವಾಗಲೂ ಒಂದೇ ಕಡೆಯಿಂದ ಎಂದ.

ಯೋಗಾಸನಗಳ ವಿಷಯದಲ್ಲಿ ನಾವು ಕರ್ನಾಟಕದವರು ಸುಮ್ಮನೆ ಹೆಮ್ಮೆಪಟ್ಟುಕೊಂಡು ಕೂತರೆ ಸಾಲದು, ಯಾವ ಆಸನ ಏನು ಮಾಡುತ್ತದೆಂದು ಬಿಡಿಸಿ ನೋಡಬೇಕು. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಪಟ್ಟಾಭಿ ಜೋಯಿಸರೂ ಕೋಲಾರದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರೂ ಅವರ ಶಿಷ್ಯರು. ಆ ಪರಂಪರೆಯ ಆಸನಗಳಲ್ಲಿ ನಾನು ಆಗಲೇ ಹೇಳಿದ ಪರೀಕ್ಷೆಗಳೆಲ್ಲ ಬೇರೆ ಹೆಸರಿನಲ್ಲಿ ಇವೆ. ನಾವಾಸನ ಮುಂದಿನ ಗೋಡೆಯ ಪರೀಕ್ಷೆ. ಶಲಭಾಸನ ಸೋರೆನ್ಸನ್ ಪರೀಕ್ಷೆಯ ತಮ್ಮ. ವಸಿಷ್ಠಾಸನ ಪಕ್ಕದ ಗೋಡೆಯದು. ಜೋಯಿಸರ ಅಷ್ಟಾಂಗ ಪದ್ಧತಿಯ ಮೊದಲ ಸರಣಿಯಲ್ಲಿ ನಾವಾಸನವನ್ನು ಐದು ಉಸಿರಿನಂತೆ ಐದು ಬಾರಿ ಮಾಡಿಸುತ್ತಾರೆ; ಗಡಿಯಾರದ ಬದಲು ಉಸಿರಿನಿಂದ ಅಳೆದ ತಾಳಿಕೆಯ ತರಬೇತಿ ಅದು.

ಸೂರ್ಯ ನಮಸ್ಕಾರದ ಕಥೆ ಬೇರೆ. ಅದು ಮುಂದಕ್ಕೂ ಹಿಂದಕ್ಕೂ ಚೆನ್ನಾಗಿ ದುಡಿಸುತ್ತದೆ, ಭಾರವನ್ನು ಯಾವುದೇ ಒಂದು ಕೀಲಿನ ಮೇಲೆ ಅತಿಯಾಗಿ ಹೇರುವುದಿಲ್ಲ, ಉಸಿರಾಟವನ್ನೂ ಏರಿಸುತ್ತದೆ. ಆದರೆ ಹನ್ನೆರಡು ಹಂತಗಳಲ್ಲಿ ಪಕ್ಕದ ಗೋಡೆಗೆಂದೇ ಒಂದು ಹಂತವೂ ಇಲ್ಲ. ಫಲಕದ ಭಂಗಿಯಲ್ಲೂ ನಾವು ನಿಲ್ಲುವುದು ಒಂದೆರಡು ಸೆಕೆಂಡು ಮಾತ್ರ. ದಿನಕ್ಕೆ ನೂರೆಂಟು ನಮಸ್ಕಾರ ಹಾಕುವವರ ಪಕ್ಕದ ತಾಳಿಕೆಯನ್ನು ಅಳೆದಾಗ ಅದು ಅವರ ನಿರೀಕ್ಷೆಗಿಂತ ಕಡಿಮೆ ಬರುವುದು ನನಗೆ ಈಗ ಆಶ್ಚರ್ಯ ತರುವುದಿಲ್ಲ. ಕೊನೆಗೆ ಎಡಬಲಕ್ಕೊಂದು ವಸಿಷ್ಠಾಸನ ಸೇರಿಸಿಕೊಂಡರೆ ಈ ಕೊರತೆ ತುಂಬುತ್ತದೆ. ಅಂದ ಹಾಗೆ, ಕಬ್ಬಿಣದ ಕಸರತ್ತನ್ನೂ ಸೂರ್ಯ ನಮಸ್ಕಾರವನ್ನೂ ಒಟ್ಟಿಗೆ ಬೋಧಿಸಿದವರು ನಮ್ಮ ಕೆ.ವಿ. ಅಯ್ಯರ್. ಕನ್ನಡ ಓದುಗರು ಅವರನ್ನು ಕಾದಂಬರಿಕಾರರೆಂದು ಬಲ್ಲರು. ಬೆಂಗಳೂರಿನ ಹಳಬರು ಹರ್ಕ್ಯುಲಿಸ್ ವ್ಯಾಯಾಮಶಾಲೆಯಿಂದ ಬಲ್ಲರು. ಯೋಗವೋ ಜಿಮ್ಮೋ ಎಂಬ ಇವತ್ತಿನ ಜಗಳ ಅವರಿಗೆ ವಿಚಿತ್ರವಾಗಿ ಕಾಣುತ್ತಿತ್ತೇನೋ.

ಜಿಮ್ಮಿನ ಭಾರದ ಕೆಲಸಕ್ಕೆ ಬಂದರೆ, ಡೆಡ್‌ಲಿಫ್ಟ್ ಮತ್ತು ಸ್ಕ್ವಾಟ್ ಬೆನ್ನಿನ ಸ್ನಾಯುಗಳನ್ನು ಜೋರಾಗಿ ದುಡಿಸುತ್ತವೆ, ಆದರೆ ಕೆಲವೇ ಸೆಕೆಂಡು. ಅದರಿಂದ ಕಸುವು ಬರುತ್ತದೆ, ಅದು ಬೇಕಾದದ್ದೇ; ತಾಳಿಕೆ ಅದರ ಜೊತೆಗೆ ತಾನಾಗಿ ಬರುತ್ತದೆಂದು ನಂಬಬೇಡಿ. ಕೂತು ಮಾಡುವ ಯಂತ್ರಗಳಲ್ಲಿ ಬೆನ್ನಿಗೊಂದು ಒರಗು ಇರುತ್ತದೆ. ನಡುವಿಗೆ ಅಲ್ಲಿ ರಜೆ. ಅದೇ ಡಂಬೆಲನ್ನು ನಿಂತುಕೊಂಡು ಒಂದೇ ಕೈಯಲ್ಲಿ ತಲೆಯ ಮೇಲೆ ಎತ್ತಿ ನೋಡಿ, ಎದುರು ಬದಿಯ ಪಕ್ಕೆ ಎಚ್ಚರವಾಗುತ್ತದೆ. ಪಿಲಾಟೆಸ್ ನಿಧಾನದ, ಹಿಡಿತದ ವ್ಯಾಯಾಮವಾದ್ದರಿಂದ ತಾಳಿಕೆಗೆ ಒಳ್ಳೆಯದು. ಹೇಳಿಕೊಡುವವರು ಪಕ್ಕ ಮತ್ತು ಬೆನ್ನನ್ನು ಮರೆಯದಿದ್ದರೆ ಸಾಕು. ಗಾಳಿ ತುಂಬಿದ ದೊಡ್ಡ ಚೆಂಡಿನ ಮೇಲೆ ಮಲಗಿ ಕರ್ಲ್‌ಅಪ್ ಮಾಡಿದಾಗ ಹೊಟ್ಟೆಯ ಸ್ನಾಯುವಿನ ಬಿಗಿತ ಗರಿಷ್ಠದ 21 ಪ್ರತಿಶತದಿಂದ 35ಕ್ಕೆ ಏರಿದ್ದನ್ನು 2000ನೇ ಇಸವಿಯ ಅಧ್ಯಯನವೊಂದು ದಾಖಲಿಸಿದೆ. ಹೊಸಬರಿಗೆ ಅದು ಬೇಡ, ನೆಲವೇ ಸಾಕು. ಓಟ ಮತ್ತು ಚುರುಕು ನಡಿಗೆ ಹೃದಯಕ್ಕೆ ಬೇಕು, ಬೆನ್ನಿಗೂ ಹಿತ. ಆದರೆ ಓಡುವವನ ಪಕ್ಕದ ಗೋಡೆ ಓಟದಿಂದಲೇ ಗಟ್ಟಿಯಾಗುವುದಿಲ್ಲ.

ಒಂದೇ ಬದಿಯ ಆಟಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕ್ರಿಕೆಟ್ಟಿನ ವೇಗದ ಬೌಲರ್‌ಗಳಿಗೆ ಕೆಳಬೆನ್ನಿನ ಮೂಳೆಯಲ್ಲಿ ಒತ್ತಡದ ಬಿರುಕು ಬರುವುದು ಸಾಮಾನ್ಯ. ಅದು ಹೆಚ್ಚಾಗಿ ಬೌಲ್ ಮಾಡುವ ಕೈಗೆ ಎದುರು ಬದಿಯಲ್ಲಿ ಬರುತ್ತದೆ. ಬಲಗೈ ಬೌಲರ್ ಚೆಂಡು ಬಿಡುವ ಕ್ಷಣದಲ್ಲಿ ದೇಹ ಹಿಂದಕ್ಕೆ ಬಾಗಿ, ಎಡಕ್ಕೆ ವಾಲಿ, ತಿರುಗಿರುತ್ತದೆ, ಮುಂಗಾಲು ಆಗಷ್ಟೇ ನೆಲಕ್ಕೆ ಅಪ್ಪಳಿಸಿರುತ್ತದೆ. ಅದೇ ಚಲನೆ ಸಾವಿರಾರು ಬಾರಿ, ಒಂದೇ ದಿಕ್ಕಿನಲ್ಲಿ. ಅಂಥವರ ಎರಡು ಪಕ್ಕದ ಸ್ನಾಯುಗಳ ಗಾತ್ರ ಒಂದೇ ಆಗಿರುವುದಿಲ್ಲ. ಆಟವನ್ನು ಬದಲಿಸಲಾಗದು, ಆಟದ ಹೊರಗಿನ ತರಬೇತಿಯಲ್ಲಿ ಆಟ ಮುಟ್ಟದ ಬದಿಗೆ ಹೆಚ್ಚು ಕೆಲಸ ಕೊಡಬಹುದು. ಡೊಳ್ಳು ಬಾರಿಸುವವರಿಗೂ, ಶಟಲ್ ಆಡುವವರಿಗೂ ನಾನು ಇದನ್ನೇ ಹೇಳುತ್ತೇನೆ.

ನಮ್ಮ ಹಳ್ಳಿಗಳಲ್ಲಿ ಸೊಂಟದ ಮೇಲೆ ಬಿಂದಿಗೆ ಹೊರುವ ಹೆಂಗಸರ ವಿಷಯವೂ ಇದೇ. ಎಡ ಸೊಂಟದ ಮೇಲೆ ತುಂಬಿದ ಬಿಂದಿಗೆ ಕೂತರೆ ಬಲ ಪಕ್ಕೆ ದಾರಿಯುದ್ದಕ್ಕೂ ಎಳೆದು ಹಿಡಿದಿರಬೇಕು. ಭಾರವನ್ನು ಒಂದೇ ಕೈಯಲ್ಲಿ ಹಿಡಿದು ನಡೆಯುವುದಕ್ಕಿಂತ, ಅಷ್ಟೇ ಭಾರವನ್ನು ಇನ್ನೊಂದು ಕೈಗೂ ಕೊಟ್ಟಾಗ ಬೆನ್ನಿನ ಮೇಲಿನ ಒತ್ತಡ ಏರುವ ಬದಲು ಇಳಿಯುತ್ತದೆಂದು ಮೆಕ್‌ಗಿಲ್ ತಂಡ 2013ರಲ್ಲಿ ತೋರಿಸಿದೆ. ಒಟ್ಟು ಭಾರ ದುಪ್ಪಟ್ಟು, ಬೆನ್ನಿನ ಹೊರೆ ಕಡಿಮೆ! ಎರಡು ಕೊಡಗಳನ್ನು ಎರಡು ಕೈಗೆ ಹಂಚಿಕೊಂಡವರು ಇದನ್ನು ಲೆಕ್ಕವಿಲ್ಲದೆಯೇ ಬಲ್ಲರು. ಆದರೆ ಇದೇ ಒಂದು ಕೈಯ ಹೊರೆಯನ್ನು ಅಳತೆಯಿಟ್ಟು, ಕೈ ಬದಲಿಸುತ್ತ, ದೇಹ ವಾಲಗೊಡದೆ ಮಾಡಿದರೆ ಪಕ್ಕದ ಗೋಡೆಗೆ ಅದಕ್ಕಿಂತ ಸರಳವಾದ ವ್ಯಾಯಾಮವಿಲ್ಲ. ಹತ್ತು ಲೀಟರಿನ ಕ್ಯಾನ್ ಸಾಕು, ಜಿಮ್ಮಿನ ಶುಲ್ಕ ಬೇಡ.

ಎಷ್ಟು ಮಾಡಬೇಕು ಎಂದು ಕೇಳುತ್ತೀರಿ. ತಾಳಿಕೆ ಬೇಕೆಂದು ಒಂದೇ ಸಲ ಐದು ನಿಮಿಷ ನಡುಗುತ್ತ ನಿಲ್ಲಬೇಕಾಗಿಲ್ಲ. ಹತ್ತು ಸೆಕೆಂಡು ಹಿಡಿದು, ಬಿಟ್ಟು, ರಕ್ತ ಹರಿಯಗೊಟ್ಟು, ಮತ್ತೆ ಹಿಡಿಯುವುದು ಮೆಕ್‌ಗಿಲ್ ಕ್ರಮ. ಮೊದಲ ಸುತ್ತಿಗೆ ಎಂಟು ಬಾರಿ, ಎರಡನೆಯದಕ್ಕೆ ಆರು, ಮೂರನೆಯದಕ್ಕೆ ನಾಲ್ಕು. ದಣಿವು ಏರುತ್ತ ಹೋದಂತೆ ಎಣಿಕೆ ಇಳಿಯುವುದರಿಂದ ಭಂಗಿ ಕೆಡುವುದಿಲ್ಲ. ಬೆಳೆಸಬೇಕೆಂದರೆ ಬಾರಿಗಳನ್ನು ಹೆಚ್ಚಿಸಿ, ಸೆಕೆಂಡುಗಳನ್ನಲ್ಲ. ಬೆನ್ನಿಗೆ ಅವರು ಕೊಡುವುದು ಅಂಬೆಗಾಲಿನ ಭಂಗಿಯಲ್ಲಿ ಎದುರುಬದುರು ಕೈಕಾಲು ಚಾಚುವುದು. ಅದನ್ನು ಮಾಡುವಾಗ ಬೆನ್ನಿನ ಮೇಲೆ ನೀರು ತುಂಬಿದ ಲೋಟವಿದೆ ಎಂದುಕೊಳ್ಳಿ. ಜ್ವರ, ಕಾಲಿಗೆ ಇಳಿಯುವ ನೋವು, ಜೋಮು, ಮೂತ್ರದ ಹಿಡಿತದಲ್ಲಿ ಏರುಪೇರು ಇದ್ದರೆ ವ್ಯಾಯಾಮ ಬಿಟ್ಟು ವೈದ್ಯರ ಹತ್ತಿರ ಹೋಗಿ.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಿಂದ ಎದ್ದವರು ಎಪ್ಪತ್ತು ದಾಟಿದ, ಗರಡಿಯಲ್ಲಿ ಹುಡುಗರನ್ನು ತಯಾರು ಮಾಡುವ ಉಸ್ತಾದರು. ಸಾಮು, ದಂಡೆ, ಬೈಠಕ್, ಮಟ್ಟಿ ಅಗೆಯುವುದು, ಇವುಗಳಲ್ಲಿ ಪಕ್ಕೆಗೆ ಯಾವುದು ಎಂದು ಅವರು ಕೇಳಿದರು. ದಂಡೆಯೂ ಬೈಠಕ್ಕೂ ಎಡಬಲ ಒಂದೇ ಸಮ ಹೊರುವ ಕಸರತ್ತುಗಳು, ಪಕ್ಕೆಗೆ ಅಷ್ಟಾಗಿ ತಾಕುವುದಿಲ್ಲ. ಒಂದು ಕೈಯಲ್ಲಿ ಗದೆಯನ್ನು ಬೆನ್ನ ಹಿಂದಿನಿಂದ ಸುತ್ತಿ ತರುವಾಗ ದೇಹ ತಿರುಗದಂತೆ, ವಾಲದಂತೆ ತಡೆಯುವ ಕೆಲಸವೆಲ್ಲ ಪಕ್ಕೆಯದೇ ಎಂದೆ. ಹಾಗಾದರೆ ಎಡಗೈಗೂ ಬಲಗೈಗೂ ಲೆಕ್ಕ ಹೇಗೆ ಇಡುತ್ತೀರಿ ಎಂದು ನಾನು ತಿರುಗಿ ಕೇಳಿದೆ. ಅವರು ಯೋಚಿಸಲೂ ಇಲ್ಲ: ‘ನಮ್ಮಲ್ಲಿ ಗದೆ ಮೊದಲು ಎಡಗೈಗೆ ಕೊಡೋದು ಸಾರ್. ಎಡಗೈ ಎಷ್ಟಕ್ಕೆ ನಿಲ್ತದೋ ಬಲಗೈಗೂ ಅಷ್ಟೇ. ಬಲಗೈಲಿ ಇನ್ನೂ ಕಸುವೈತೆ ಅಂತ ಹುಡುಗ ಅಂದ್ರೆ, ಗದೆ ಇಸ್ಕೊಂಡು ಮಟ್ಟಿ ಅಗಿಯೋಕೆ ಕಳಿಸ್ತೀನಿ.’